ಅಮ್ಮನ ಕಿವಿಗೆ ನಾಲ್ಕು ಟೈರು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಹಲಸೂರಿನಿಂದ ಕೆ.ಆರ್. ಪುರಕ್ಕೆ ಹೋಗುವ ದಾರಿಯಲ್ಲಿ, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡು ಅಮ್ಮನಿಗೆ ಹೇಳಿಯೇಬಿಟ್ಟೆ: "ಅಮ್ಮಾ, ನಾನೂ ವಿಕ್ಟರೂ ಮದ್ವೆ ಮಾಡ್ಕೊಳೋಣ ಅಂತಿದೀವಿ."

ಅಮ್ಮ ರಸ್ತೆಯನ್ನೇ ನೋಡುತ್ತಾ ತಲೆಯಾಡಿಸಿದಳು. "ಹೂಂ, ಒಳ್ಳೇದು. ಹಾಗೇ ಮಾಡು," ಅಂದಳು.

ಅಷ್ಟೇ. ಅಳಲಿಲ್ಲ, ಕೂಗಲಿಲ್ಲ, ನಾಲ್ಕು ಜನ ಏನಂತಾರೆ ಎಂದು ಕೇಳಲಿಲ್ಲ. ನಾನೋ, ಈ ಒಂದು ಮಾತಿಗೆ ತಿಂಗಳುಗಟ್ಟಲೆ ಕನ್ನಡಿ ಮುಂದೆ ತಾಲೀಮು ನಡೆಸಿದವಳು. ಐವತ್ತರ ಹೊಸ್ತಿಲಲ್ಲಿ ಮಗಳು ಎರಡನೇ ಮದುವೆ ಅನ್ನುತ್ತಾಳೆ, ಅದೂ ಚರ್ಚಿಗೆ ಹೋಗುವವನ ಜೊತೆ. ಯಾವ ತಾಯಿ ತಾನೇ ಸುಮ್ಮನಿದ್ದಾಳು? (ನನ್ನ ಮೊದಲ ಮದುವೆಯ ಕಥೆ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರೇ, ನೀವೇನೂ ಕಳೆದುಕೊಂಡಿಲ್ಲ.)

ವಿಕ್ಟರ್ ರಿಚರ್ಡ್ಸ್ ಟೌನಿನವನು. ಶಾಲೆಯಲ್ಲಿ ಗಣಿತದ ಮೇಷ್ಟ್ರು, ಹಳೆಯ ಸ್ಕೂಟರ್ ಓಡಿಸುತ್ತಾನೆ. ಅಮ್ಮನಿಗೆ ಅವನು 'ನಿನ್ನ ಆ ಫ್ರೆಂಡು'. ಸಂಜೆಯೇ ಅವನಿಗೆ ಫೋನ್ ಮಾಡಿ ಸಿಹಿ ಸುದ್ದಿ ಕೊಟ್ಟೆ. ಅವನು ತನ್ನ ಅಕ್ಕನಿಗೆ ಹೇಳಿದ. ಅಕ್ಕ ಕಾಕ್ಸ್ ಟೌನಿಗೆಲ್ಲಾ ಹೇಳಿದಳು.

ಎರಡು ದಿನ ಬಿಟ್ಟು ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿದೆ, "ವಿಕ್ಟರ್‌ನ ಯಾವತ್ತು ಊಟಕ್ಕೆ ಕರೆಯೋಣ?"

"ಯಾಕೆ, ಅವನ ಬರ್ತ್‌ಡೇನಾ?"

"ಭಾನುವಾರ ಕಾರಲ್ಲಿ ಹೇಳಿದ್ನಲ್ಲಮ್ಮಾ?"

"ಕಾರಲ್ಲಾ? ನಿನ್ನ ಕಾರಲ್ಲಿ ನಂಗೇನು ಕೇಳ್ಸುತ್ತೆ? ಆ ಗದ್ದಲಕ್ಕೆ ಹತ್ತಿದ ತಕ್ಷಣ ಕಿವಿ ಮಷೀನ್ ಬಿಚ್ಚಿ ಪರ್ಸಿಗೆ ಹಾಕ್ಕೊತೀನಿ. ನೀನು ಬಾಯಾಡಿಸ್ತೀಯ, ನಾನು ಹೂಂ ಅಂತೀನಿ. ನೀನೂ ಖುಷಿ, ನಾನೂ ಖುಷಿ."

ಪಕ್ಕದಲ್ಲಿ ತಮ್ಮನ ಹೆಂಡತಿ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಳು. ನಾನು "ಏನಿಲ್ಲ ಬಿಡು" ಎಂದು ಮೇಲಿನ ಮನೆಗೆ ಹತ್ತಿಬಂದು ವಿಕ್ಟರ್‌ಗೆ ಫೋನ್ ಮಾಡಿದೆ. ಅವನು ಕೇಳಿದ, "ಹಂಗಾದ್ರೆ ನಮ್ಮಕ್ಕಂಗೆ ಹೇಳಿದ್ದನ್ನ ಈಗ ಹೆಂಗೆ ವಾಪಸ್ ತಗೊಳ್ಳೋದು?"

ಅಕ್ಕಂದಿರಿಗೆ ಹೇಳಿದ್ದನ್ನು ವಾಪಸ್ ಪಡೆದವರು ಯಾರಾದರೂ ಇದ್ದಾರೆಯೇ?

ಮತ್ತೊಮ್ಮೆ ಹೇಳಿದರಾಯಿತು, ಅದಕ್ಕೇನು ಮಹಾ ಅನ್ನುತ್ತೀರಿ. ಎಲ್ಲಿ ಹೇಳಲಿ? ಕೆಳಗೆ ಅಮ್ಮ, ತಮ್ಮನ ಸಂಸಾರ ಮತ್ತು ಟೀವಿ. ಮೇಲೆ ನಾನು. ಅಮ್ಮನಿಗೆ ಕೇಳುವ ಹಾಗೆ ಹೇಳಿದರೆ ಹಲಸೂರು ಮಾರ್ಕೆಟ್ಟಿಗೂ ಕೇಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅಮ್ಮನ ಮುಖ ನೋಡಿಕೊಂಡು ನಾನು ಇಂಥ ಮಾತು ಯಾವತ್ತೂ ಆಡಿದವಳಲ್ಲ. ಕಾರಿನಲ್ಲಾದರೆ ಇಬ್ಬರೂ ರಸ್ತೆ ನೋಡುತ್ತಿರುತ್ತೇವೆ. ಮುಖ ನೋಡದಿದ್ದರೆ ಎಂಥ ಮಾತೂ ಬಾಯಿಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಹಾಗಲ್ಲವೇ? ದೊಡ್ಡ ದೊಡ್ಡ ಸುದ್ದಿಗಳೆಲ್ಲ ಹೊರಬೀಳುವುದು ಗಾಡಿಯಲ್ಲೇ ತಾನೇ?

ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನನ್ನು ಕೆ.ಆರ್. ಪುರದ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗುವುದು ನನ್ನ ಪಾಳಿ. ವಾರದಲ್ಲಿ ನಾವಿಬ್ಬರೇ ಇರುವ ಹೊತ್ತು ಅದೊಂದೇ. ಅಷ್ಟು ಭಾನುವಾರಗಳಲ್ಲಿ ನಾನು ಏನೇನು ಹೇಳಿಕೊಂಡಿದ್ದೆ. ಆಫೀಸಿನ ರಗಳೆ, ಮುಟ್ಟು ನಿಲ್ಲುವ ಹೊತ್ತಿನ ಸಂಕಟ, ವಿಕ್ಟರ್ ಮೇಲಿನ ಸಣ್ಣ ಸಣ್ಣ ದೂರು. ಎಲ್ಲಕ್ಕೂ ಅಮ್ಮ ಹೂಂ ಎಂದಿದ್ದಳು. ಎಷ್ಟು ಅರ್ಥ ಮಾಡಿಕೊಳ್ಳುತ್ತಾಳಪ್ಪಾ ನಮ್ಮಮ್ಮ ಎಂದು ಇದೇ ಅಂಕಣದಲ್ಲಿ ಕೊಚ್ಚಿಕೊಂಡಿದ್ದೂ ಉಂಟು.

ಕಾರಿನ ಬಗ್ಗೆ ಎರಡು ಮಾತು. ಕೆಂಪು ಬಣ್ಣದ, ಎರಡೇ ಬಾಗಿಲಿನ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್. ಡೈವೋರ್ಸ್ ಆದವಳಿಗೆ ಎರಡು ಸೀಟು ಧಾರಾಳವಾಯಿತು ಎಂದು ತಮಾಷೆ ಮಾಡಿದವರಿದ್ದಾರೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅಮ್ಮ ಅದರಲ್ಲಿ ಮಣೆಯ ಮೇಲೆ ಕೂರುವ ಹಾಗೆ ಕೂರುತ್ತಾಳೆ. ಮೊದಲು ಹಿಂದು ಹಿಂದಕ್ಕೆ ಕೂತು, ಆಮೇಲೆ ಎರಡೂ ಕಾಲು ಒಳಗೆಳೆದುಕೊಂಡು, ಸೆರಗು ಸರಿಮಾಡಿಕೊಂಡು, "ಹೂಂ, ನಡಿ." ಇಳಿಯುವಾಗ ಮಾತ್ರ ನಾನೂ ಚಿಕ್ಕಮ್ಮನೂ ಸೇರಿ ಎಳೆಯಬೇಕು.

ಇನ್ನು ಅಮ್ಮನ ಕಿವಿ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ದಂಡು ಪ್ರದೇಶದ ದೊರೆಸಾನಿಯರಿಂದ ಹಿಡಿದು ಶಿವಾಜಿನಗರದ ಬಟ್ಟೆ ವ್ಯಾಪಾರಿಗಳವರೆಗೆ ಎಲ್ಲರಿಗೂ ಅವರವರ ಭಾಷೆಯಲ್ಲಿ ಲೈನು ಜೋಡಿಸಿದವಳು. "ಹಲೋ" ಅಂದರೆ ಸಾಕು, ಯಾವ ನಂಬರಿನವರು ಎಂದು ಹೇಳುತ್ತಿದ್ದಳಂತೆ. ನೈಟ್ ಡ್ಯೂಟಿಯನ್ನು ತಾನಾಗಿ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಅಲೋವೆನ್ಸ್ ಸಿಗುತ್ತದೆಂದು ಪಾಪ ನಿದ್ದೆಗೆಟ್ಟು ದುಡಿಯುತ್ತಾಳೆ ಎಂದು ನಾವು ಮಕ್ಕಳು ಮರುಗುತ್ತಿದ್ದೆವು.

ಅಂಥವಳಿಗೆ ಕಿವಿ ಮಂದವಾದಾಗ ಆದ ಅವಮಾನ ಅಷ್ಟಿಷ್ಟಲ್ಲ. ಕಿವಿ ಮಷೀನ್ ಬಂದಾಗ ಜಡೆ ಸಡಿಲ ಮಾಡಿ ಕಿವಿ ಮುಚ್ಚಿಕೊಂಡಳು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ದಿನಾ ಹಾಕಿಕೊಂಡು ರೂಢಿ ಮಾಡಿಕೊಳ್ಳಬೇಕು, ಬಿಚ್ಚಿ ಬಿಚ್ಚಿ ಇಡುತ್ತಿದ್ದರೆ ಮುಂದೆ ಮಾತು ಅರ್ಥವಾಗುವುದೇ ಕಷ್ಟವಾಗುತ್ತದೆ ಎಂದು. ಅಮ್ಮ ಡಾಕ್ಟರಿಗೂ ಹೂಂ ಎಂದಿದ್ದಳು.

ಮುಂದಿನ ಭಾನುವಾರ ಹಟ ಹಿಡಿದು ಮಷೀನ್ ಹಾಕಿಸಿಯೇ ಕೂರಿಸಿದೆ. ಹಲಸೂರಿನ ಗಲ್ಲಿಯಲ್ಲಿ ಏನೂ ತೊಂದರೆಯಿಲ್ಲ. ಓಲ್ಡ್ ಮದ್ರಾಸ್ ರೋಡಿಗೆ ಬಂದು, ರಸ್ತೆ ಖಾಲಿ ಸಿಕ್ಕಿ, ಕಾರು ವೇಗ ಹಿಡಿಯಿತು ನೋಡಿ, ಅಮ್ಮನ ಮುಖ ಹುಳ್ಳಗಾಯಿತು. "ತಲೆ ಒಳಗೆ ಹಿಟ್ಟಿನ ಗಿರಣಿ ಓಡ್ಸಿದಂಗಾಗ್ತಿದೆ ಕಣೇ," ಎಂದು ಕಿತ್ತು ಪರ್ಸಿಗೆ ಹಾಕಿದಳು. ನನ್ನ ಕಿವಿಗೆ ಇಷ್ಟು ದಿನ 'ಸ್ಪೋರ್ಟಿ' ಅನ್ನಿಸಿದ್ದ ಆ ಗುಂಯ್ ಎನ್ನುವ ಸದ್ದನ್ನು ಮೊದಲ ಸಲ ಗಮನಿಸಿ ಕೇಳಿದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ನೋಡಿದೆ. ಇಂಜಿನ್ ಸುಮ್ಮನಾಯಿತು, ಗುಂಯ್ ಮಾತ್ರ ನಿಲ್ಲಲಿಲ್ಲ. ಸದ್ದು ಟೈರಿನದು. ಅಗಲವಾದ, ಗಟ್ಟಿಯಾದ, ಸವೆದು ಸವೆದು ಒರಟಾದ ಟೈರು. ಕಾಂಕ್ರೀಟ್ ರಸ್ತೆ ಸಿಕ್ಕಿದರಂತೂ ಕೇಳುವುದೇ ಬೇಡ.

ಇಳಿಯುವಾಗ ಅಮ್ಮ ತೀರ್ಪು ಕೊಟ್ಟಳು: "ಇನ್ಮೇಲೆ ನಾನು ಮೆಟ್ರೋಲೇ ಬರ್ತೀನಿ. ಸೀನಿಯರ್ ಸಿಟಿಜನ್ ಸೀಟಿದೆ, ಮಷೀನೂ ಹಾಕ್ಕೊಂಡಿರಬಹುದು. ನೀನು ಆರಾಮಾಗಿ ಮಲಕ್ಕೊ."

ಅಂದರೆ ನನ್ನ ಭಾನುವಾರ ಹೋಯಿತು. ಹೇಳಬೇಕಾದ ಮಾತೂ ಹೋಯಿತು. ವಿಕ್ಟರ್‌ನ ಅಕ್ಕ ಆಗಲೇ ಸೀರೆ ನೋಡುತ್ತಿದ್ದಾಳೆ. "ಎರಡೇ ಎರಡು ವಾರ ಟೈಮ್ ಕೊಡಮ್ಮಾ, ಟೈರು ಬದಲಾಯಿಸ್ತೀನಿ," ಎಂದು ಅಂಗಲಾಚಿದೆ.

ಶಿವಾಜಿನಗರದಲ್ಲಿ ನಮಗೆ ಗುರುತಿನ ಟೈರಂಗಡಿಯೊಂದಿದೆ. ಮಾಲೀಕರು ನಯಾಜ್ ಭಾಯ್. ಅಮ್ಮನನ್ನೂ ಕರೆದುಕೊಂಡು ಹೋದೆ.

"ಭಾಯ್, ಮೆತ್ತಗಿರೋ, ಸದ್ದು ಮಾಡ್ದೆ ಇರೋ ಟೈರ್ ಬೇಕು."

ಅವರು ಕಾರನ್ನು ನೋಡಿದರು, ನನ್ನನ್ನು ನೋಡಿದರು. "ಮೇಡಂ, ಈ ಗಾಡಿಗೆ ಸಾಫ್ಟ್ ಟೈರಾ? ಶೇರ್ವಾನಿ ಹಾಕ್ಕೊಂಡು ಹವಾಯಿ ಚಪ್ಪಲ್ ಮೆಟ್ಕೊಂಡಂಗೆ ಆಯ್ತದೆ. ಇದಕ್ಕೆ ಗ್ರಿಪ್ ಬೇಕು, ಗ್ರಿಪ್."

"ಗ್ರಿಪ್ ತಗೊಂಡು ಟಿನ್ ಫ್ಯಾಕ್ಟರಿ ಟ್ರಾಫಿಕ್ ಜಾಮಲ್ಲಿ ಏನು ಮಾಡ್ಲಿ ಭಾಯ್?"

ಅಮ್ಮ ನಡುವೆ ಬಾಯಿ ಹಾಕಿದಳು. "ಗ್ರಿಪ್ ವಿಪ್ ನಕ್ಕೋ ಬಾವಾ. ಆವಾಜ್ ನಕ್ಕೋ, ಬಸ್." ಸದ್ದು ಬೇಡ ಎಂದು ತಮ್ಮ ದಖ್ಖನಿ ಉರ್ದುವಿನಲ್ಲೇ ಹೇಳಿದ್ದು ಕೇಳಿ ನಯಾಜ್ ಭಾಯ್ ಖುಷಿಯಾಗಿ ಚಹಾ ತರಿಸಿದರು. ಆಮೇಲೆ ಒಂದೊಂದೇ ಟೈರು ಉರುಳಿಸಿಕೊಂಡು ಬಂದು ತೋರಿಸಿದರು. ಮೊದಲನೆಯದು ಮಕ್ಖನ್, ಅಂದರೆ ಬೆಣ್ಣೆ. ಎರಡನೆಯದೂ ಮಕ್ಖನ್. ಮೂರನೆಯದು ಏಕ್‌ದಂ ಮಕ್ಖನ್. "ಇವುಗಳಲ್ಲಿ ಯಾವುದು ಜಾಸ್ತಿ ಮಕ್ಖನ್?" ಎಂದು ಕೇಳಿದರೆ, "ಅದು ರೋಡ್ ಮೇಲೆ ಹೋದ್ರೇನೇ ಗೊತ್ತಾಗೋದು ಮೇಡಂ," ಅಂದರು.

ಇದೇ ನೋಡಿ ಟೈರಿನ ಕರ್ಮ. ಸೀರೆಯಾದರೆ ಮೈಮೇಲೆ ಹಾಕಿಕೊಂಡು ನೋಡಬಹುದು, ಮಾವಿನಹಣ್ಣಾದರೆ ಮೂಸಿ ನೋಡಬಹುದು. ಟೈರನ್ನು ಮಾತ್ರ ದುಡ್ಡು ಕೊಟ್ಟು, ಹಾಕಿಸಿಕೊಂಡು, ಆಮೇಲೆ ಅನುಭವಿಸಬೇಕು. (ಮದುವೆಯೂ ಹಾಗೇ ಅನ್ನಬೇಡಿ. ಆ ಜೋಕು ಮನೆಯಲ್ಲಿ ತಮ್ಮ ಆಗಲೇ ಮಾಡಿದ್ದಾನೆ.)

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಜರ್ಮನಿಯ ಹೆದ್ದಾರಿಯಲ್ಲಿ ಅವುಗಳಲ್ಲೊಂದು ತುಂಬಾ ನಿಶ್ಶಬ್ದ ಎಂದು ಒಬ್ಬ ಬರೆದಿದ್ದ. ಅಂಥ ರಸ್ತೆ ಸಿಕ್ಕಿದರೆ ನಮ್ಮ ಬಿ.ಎಂ.ಟಿ.ಸಿ. ಬಸ್ಸೂ ನಿಶ್ಶಬ್ದವಾಗಿ ಹೋದೀತು. ನನಗೆ ಬೇಕಾಗಿದ್ದು ಬೈಯಪ್ಪನಹಳ್ಳಿಯ ಮುಂದಿನ ರಸ್ತೆಯ ಸಮಾಚಾರ.

ಕೊನೆಗೆ ಧೈರ್ಯ ಮಾಡಿ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಸ್ಪೋರ್ಟ್ಸ್ ಕಾರಿನವರ ಗ್ರೂಪು ಅದು. ಭಾನುವಾರ ನಸುಕಿಗೇ ಇಂದಿರಾನಗರದ ಒಂದು ದರ್ಶಿನಿಯ ಮುಂದೆ ಸೇರಿ, ಇಡ್ಲಿ ತಿಂದು, ಪರಸ್ಪರರ ಸೈಲೆನ್ಸರ್ ಹೊಗಳಿ ಮನೆಗೆ ಹೋಗುವುದು ನಮ್ಮ ಕಾರ್ಯಕ್ರಮ. ಹೆಚ್ಚಿನವರು ನನಗಿಂತ ಎಷ್ಟೋ ಚಿಕ್ಕವರು. ನಾನು ಬರೆದೆ: "ಸೈಲೆಂಟ್ ಆಗಿರೋ, ಕಂಫರ್ಟ್ ಟೈರ್ ಯಾರ ಕಾರಲ್ಲಿದೆ? ನಮ್ಮಮ್ಮನ್ನ ಒಂದು ರೌಂಡ್ ಕೂರಿಸಿ ಟೆಸ್ಟ್ ಮಾಡ್ಬೇಕು."

ಮೊದಲು ಒಬ್ಬ, "ಅಕ್ಕಾ, ಗ್ರೂಪ್ ತಪ್ಪಿ ಹಾಕಿದ್ರಾ?" ಇನ್ನೊಬ್ಬ, "ಕಂಫರ್ಟ್ ಬೇಕಂದ್ರೆ ಸೋಫಾ ತಗೊಳ್ಳಿ." ನಗುವ ಮುಖಗಳ ಮೆರವಣಿಗೆಯೇ ಹೊರಟಿತು. ಹಳದಿ ಕಾರಿನ ಇಮ್ರಾನ್ ಮಾತ್ರ, "ಅಮ್ಮನ್ನ ಕರ್ಕೊಂಡ್ಬನ್ನಿ ಅಕ್ಕಾ, ನನ್ನ ಹೊಸಾ ಟೈರ್ ನೋಡೇಬಿಡ್ಲಿ," ಅಂದ.

ಅಮ್ಮನನ್ನು ಒಪ್ಪಿಸುವುದು ಹೇಗೆ? ನಾನೇನೂ ಉಪಾಯ ಮಾಡಲಿಲ್ಲ, ನಿಜ ಹೇಳಿದೆ: "ನನ್ನ ಕಿವಿಗೆ ಎಲ್ಲಾ ಒಂದೇ ಥರ ಕೇಳ್ಸುತ್ತಮ್ಮಾ. ಯಾವುದು ಚೆನ್ನಾಗಿದೆ ಅಂತ ನೀನೇ ಕೇಳಿ ಹೇಳ್ಬೇಕು."

ಅಮ್ಮ ನನ್ನನ್ನು ಒಂದು ಥರ ನೋಡಿದಳು. ನೋಡಿ, ಕಿವಿ ಮಂದವಾದಮೇಲೆ ಅವಳನ್ನು ಯಾರೂ ಯಾವುದನ್ನೂ ಕೇಳಿ ಹೇಳು ಎಂದಿರಲಿಲ್ಲ. ಬಾಗಿಲು ತಟ್ಟಿದರೆ ಅವಳಿಗೆ ಹೇಳುವುದಿಲ್ಲ, ಫೋನ್ ಬಂದರೆ ಅವಳ ಕೈಗೆ ಕೊಡುವುದಿಲ್ಲ. ಭಾನುವಾರ ಬೆಳಿಗ್ಗೆ ನಾನು ಕೆಳಗಿಳಿದು ಬರುವಷ್ಟರಲ್ಲಿ ಅಮ್ಮ ಜರಿಯಂಚಿನ ಸೀರೆ ಉಟ್ಟು, ಕೂದಲನ್ನು ಎತ್ತಿ ಗಂಟು ಹಾಕಿ, ಎರಡೂ ಕಿವಿಗೆ ಮಷೀನ್ ಹಾಕಿಕೊಂಡು ಕೂತಿದ್ದಳು. ಡ್ಯೂಟಿಗೆ ಹೊರಡುತ್ತಿದ್ದಾಗಿನ ಅದೇ ಗಂಟು.

ದರ್ಶಿನಿಯ ಮುಂದೆ ಅಮ್ಮ ಮೊದಲು ಇಮ್ರಾನನ ಕಾರು ಹತ್ತಿದಳು. ಹತ್ತುವ ಮುಂಚೆ ಅವನಿಗೆ ನಿಯಮ ಹೇಳಿದಳು: "ನೀನು ಏನಾದ್ರೂ ಮಾತಾಡ್ತಾನೇ ಇರ್ಬೇಕಪ್ಪಾ. ಮೆಲ್ಲಗೆ, ಮನೇಲಿ ಮಾತಾಡ್ದಂಗೆ. ಲೈನ್ ಟೆಸ್ಟ್ ಮಾಡೋದು ಹಾಗೇನೇ. ಎರಡೂ ಕಡೆ ಮಾತಿದ್ರೇನೇ ಲೈನ್ ಹೆಂಗಿದೆ ಗೊತ್ತಾಗೋದು."

"ಏನು ಮಾತಾಡ್ಲಿ ಅಮ್ಮಾ?"

"ನಿನ್ನಿಷ್ಟ. ಆಪರೇಟರ್ ಯಾರ ಮಾತೂ ಹೊರಗೆ ಹೇಳಲ್ಲ."

ಬೈಯಪ್ಪನಹಳ್ಳಿವರೆಗೆ ಹೋಗಿ ಬಂದರು. ಅಮ್ಮ ಇಳಿದು ತಲೆ ಅಲ್ಲಾಡಿಸಿದಳು. "ಮಳೆಗಾಲದಲ್ಲಿ ಡೆಲ್ಲಿಗೆ ಟ್ರಂಕ್ ಕಾಲ್ ಹಾಕ್ದಂಗಿದೆ. ಹುಡುಗ ಪಾಪ ಏನೋ ಕಷ್ಟ ಹೇಳ್ಕೊತಿದ್ದ, ಅರ್ಧಕ್ಕೇ ಕಟ್ಟಾಯ್ತು." ಎಲ್ಲರೂ ನಕ್ಕರು. ಇಮ್ರಾನ್ ಇಡ್ಲಿ ತಟ್ಟೆ ಹಿಡಿದು ದೂರ ಹೋದ. ಆಮೇಲೆ ಬಿಳಿ ಕಾರಿನವನೊಬ್ಬ ತಾನಾಗಿ ಮುಂದೆ ಬಂದ. ಅವನದಕ್ಕೆ ಅಮ್ಮ ಕೊಟ್ಟ ಸರ್ಟಿಫಿಕೇಟು 'ಕ್ರಾಸ್ ಟಾಕ್'. ಇವನ ಮಾತಿನ ನಡುವೆ ಇನ್ಯಾರೋ ಮಾತಾಡಿದ ಹಾಗೆ ಕೇಳುತ್ತದಂತೆ.

ಅಷ್ಟು ಹೊತ್ತಿಗೆ ನೀಲಿ ಕಾರಿನ ಕಾರ್ತಿಕ್ ಬಂದ. ಗ್ರೂಪಿನಲ್ಲಿ ಅವನೇ ಹೀರೋ. ಗ್ರಿಪ್ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವವನು. ಎಲ್ಲರೂ "ಮಗಾ, ಅಮ್ಮನ್ನ ಒಂದು ರೌಂಡ್ ಕರ್ಕೊಂಡೋಗು" ಎಂದು ಕೂಗಿದರೆ, ಇವನು "ಇವತ್ತು ಬೇಡ ಗುರು, ಪೆಟ್ರೋಲ್ ಕಮ್ಮಿ ಇದೆ" ಎಂದು ಮೀನಮೇಷ ಎಣಿಸಿದ. ಅಮ್ಮ ಬಿಟ್ಟಾಳೆಯೇ? ಬಾಗಿಲು ತೆಗೆದು ಕೂತೇಬಿಟ್ಟಳು.

ಹೋದವರು ಬರಲೇ ಇಲ್ಲ. ಎರಡನೇ ಕಾಫಿ ಮುಗಿದಮೇಲೆ ನೀಲಿ ಕಾರು ಬಂತು. ಅಮ್ಮ ಕೆಳಗಿಳಿದವಳ ಮುಖದಲ್ಲಿ ನಗು. "ಲೋಕಲ್ ಕಾಲ್. ಪಕ್ಕದ ಮನೆಯಿಂದ ಮಾತಾಡ್ದಂಗಿತ್ತು. ಒಂದಕ್ಷರ ಬಿಡ್ದೆ ಕೇಳ್ಸ್ತು."

ಇಮ್ರಾನ್ ಪೊಲೀಸಿನವನ ಹಾಗೆ ಬಗ್ಗಿ ಕಾರ್ತಿಕನ ಟೈರಿನ ಮೇಲಿನ ಅಕ್ಷರ ಓದಿದ. "ಮಗಾ. ಇದು ಟೂರಿಂಗ್ ಟೈರು. ಅಂಕಲ್‌ಗಳು ಊರಿಗೆ ಹೋಗೋ ಕಾರಿಗೆ ಹಾಕ್ಸೋದು."

ಕಾರ್ತಿಕನ ಮುಖ ಕೆಂಪಗಾಯಿತು. "ಏನ್ ಮಾಡ್ಲಿ ಗುರು, ಮನೇಲಿ ಮಗು ಮಲಗ್ತಾನೇ ಇರ್ಲಿಲ್ಲ. ಕಾರಲ್ಲಿ ಸುತ್ತಾಡ್ಸಿದ್ರೆ ಮಲಗ್ತಾಳೆ ಅಂತ ಹೋದ್ರೆ, ಹಳೇ ಟೈರ್ ಸದ್ದಿಗೆ ಇನ್ನೂ ಜಾಸ್ತಿ ಅಳೋಳು. ಅದಕ್ಕೇ ರಿಮ್ ಒಂದು ಸೈಜ್ ಚಿಕ್ಕದು ಮಾಡಿ, ದಪ್ಪ ರಬ್ಬರ್ ಇರೋದು ಹಾಕ್ಸ್ದೆ. ಈಗ ಗಲ್ಲಿ ದಾಟೋಷ್ಟರಲ್ಲಿ ನಿದ್ದೆ. ನೀವೆಲ್ಲಾ ಆಡ್ಕೊತೀರ ಅಂತ ಹೇಳಿರ್ಲಿಲ್ಲ."

ನಗು ಏಳುತ್ತದೆ ಅಂದುಕೊಂಡೆ. ಏಳಲಿಲ್ಲ. ಇಮ್ರಾನ್ ಗಡ್ಡ ಕೆರೆದುಕೊಂಡು, ತಾನು ಟೀ ಶರ್ಟಿನ ಒಳಗೆ ಸೊಂಟದ ಬೆಲ್ಟ್ ಕಟ್ಟಿಕೊಂಡೇ ಈ ಕಾರು ಓಡಿಸುವುದು ಎಂದ. ಬಿಳಿ ಕಾರಿನವನು ಸೀಟಿನ ಕೆಳಗಿಂದ ದಿಂಬು ತೆಗೆದು ತೋರಿಸಿದ. ಒಬ್ಬೊಬ್ಬರದೂ ಒಂದೊಂದು ಗುಟ್ಟು. ಎಲ್ಲಾ ಗುಟ್ಟುಗಳೂ ಸುಖದ್ದೇ.

ನನಗೆ ಅವತ್ತು ಅನ್ನಿಸಿದ್ದು ಇದು. ಕಷ್ಟವನ್ನು ಬಚ್ಚಿಡುವವರನ್ನು ಕಂಡಿದ್ದೇವೆ. ಸುಖವನ್ನು ಯಾಕೆ ಹೀಗೆ ಬಚ್ಚಿಡುತ್ತೇವೆ? ಮೆತ್ತನೆ ಟೈರು ಹಾಕಿಸಿದರೆ ಗಂಡಸುತನ ಹೋಗುತ್ತದೆ. ಮಷೀನ್ ಕಂಡರೆ ವಯಸ್ಸಾಯಿತು ಅನ್ನುತ್ತಾರೆ. ಐವತ್ತಕ್ಕೆ ಜೊತೆ ಬೇಕೆಂದರೆ 'ಈ ವಯಸ್ಸಿಗೆ ಇವಳಿಗೇನು ಬಂತು' ಅನ್ನುತ್ತಾರೆ. ಯಾರೋ ನಾಲ್ಕು ಜನ ಆಡಿಕೊಳ್ಳುತ್ತಾರೆಂದು ನಾವು ಬೆನ್ನು ನೋಯಿಸಿಕೊಂಡು, ಕಿವಿ ಮುಚ್ಚಿಕೊಂಡು, ಬಾಯಿ ಹೊಲಿದುಕೊಂಡು ಓಡಾಡುತ್ತೇವೆ. ಆ ನಾಲ್ಕು ಜನರ ಸೀಟಿನ ಕೆಳಗೂ ಒಂದೊಂದು ದಿಂಬಿರುತ್ತದೆ ಎಂದು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಮನೆಗೆ ಬಂದಮೇಲೆ ಕೇಳಿದೆ, "ಕಾರ್ತಿಕ್ ಅಷ್ಟೊತ್ತು ಏನು ಹೇಳ್ದ ಅಮ್ಮಾ?"

"ಆಪರೇಟರ್‌ನ ಅದೆಲ್ಲಾ ಕೇಳ್ಬಾರದು," ಅಂದಳು ಅಮ್ಮ.

ಅದೇ ವಾರ ನಯಾಜ್ ಭಾಯ್ ಅಂಗಡಿಗೆ ಹೋಗಿ ಕಾರ್ತಿಕನ ಕಾರಿನಲ್ಲಿದ್ದ ಟೈರಿನ ಹೆಸರು ಹೇಳಿದೆ. "ನಾನು ಮೊದಲೇ ಹೇಳಿದ್ನಲ್ಲ ಮೇಡಂ, ಇದು ಮಕ್ಖನ್ ಅಂತ," ಅಂದರು. ಹೇಳಿದ್ದು ನಿಜ. ಅಂಗಡಿಯಲ್ಲಿದ್ದ ಎಲ್ಲಾ ಟೈರಿಗೂ ಹೇಳಿದ್ದರು. ರಿಮ್ಮೂ ಒಂದು ಸೈಜು ಚಿಕ್ಕದಾಯಿತು. ನೋಡಲು ಕಾರು ಮೊದಲಿನಷ್ಟು ಗತ್ತಿನದಾಗಿಲ್ಲ, ಒಪ್ಪುತ್ತೇನೆ. ತಿರುವಿನಲ್ಲಿ ಮೊದಲಿನ ಹಾಗೆ ನುಗ್ಗುವಂತಿಲ್ಲ. ನುಗ್ಗಲು ಈ ಊರಿನಲ್ಲಿ ಜಾಗವಾದರೂ ಎಲ್ಲಿದೆ?

ಅಮ್ಮ ಹಟ ಹಿಡಿದಳು, ಹೊಸ ಟೈರು ಅಂದಮೇಲೆ ನಿಂಬೆಹಣ್ಣು ಇಡಲೇಬೇಕು ಎಂದು. ನಾನು ರಸೆಲ್ ಮಾರ್ಕೆಟ್ಟಿಗೆ ಓಡಬೇಕೇನೋ ಅಂದುಕೊಳ್ಳುವಷ್ಟರಲ್ಲಿ ನಯಾಜ್ ಭಾಯ್ ಡ್ರಾಯರ್ ಎಳೆದು ನಾಲ್ಕು ನಿಂಬೆಹಣ್ಣು ತೆಗೆದುಕೊಟ್ಟರು. "ಇದು ನಮ್ ಕಡೆಯಿಂದ ಅಮ್ಮಾ. ಡೈಲಿ ಇಟ್ಕೊಂಡಿರ್ತೀವಿ." ಒಂದೊಂದು ಟೈರಿನ ಕೆಳಗೆ ಒಂದೊಂದು ಇಟ್ಟವರೂ ಅವರೇ. "ಬಿಸ್ಮಿಲ್ಲಾ, ಎತ್ತಿ ಗಾಡಿ," ಅಂದರು. ನಾಲ್ಕೂ ಪಚಕ್ಕೆಂದವು. ಅಮ್ಮ ಕೈ ಮುಗಿದಳು.

ಭಾನುವಾರ ಬಂತು. ಹಲಸೂರಿನಿಂದ ಹೊರಟೆವು. ಅಮ್ಮನ ಕಿವಿಯಲ್ಲಿ ಮಷೀನ್ ಇದೆ. ಓಲ್ಡ್ ಮದ್ರಾಸ್ ರೋಡ್, ಖಾಲಿ ರಸ್ತೆ. ಗುಂಯ್ ಇಲ್ಲ. ಕಾಂಕ್ರೀಟ್ ಬಂತು, ಆಗಲೂ ಬರೀ ಸುಯ್ ಎನ್ನುವ ಸಣ್ಣ ಸದ್ದು. ನಾನು "ಅಮ್ಮಾ" ಎಂದು ಶುರುಮಾಡಿದೆ.

"ಅದೇನೇ ಅದು, ಟಣ್ ಟಣ್ ಅಂತ?"

ನಿಜ, ಏನೋ ಟಣ್ ಟಣ್ ಅನ್ನುತ್ತಿತ್ತು. ಹೊಸ ಟೈರಿನದೇ ಏನೋ ಎಡವಟ್ಟು ಎಂದು ಕಾರು ಪಕ್ಕಕ್ಕೆ ನಿಲ್ಲಿಸಿ ಸುತ್ತ ನೋಡಿದೆ. ಕೊನೆಗೆ ಸಿಕ್ಕಿಬಿದ್ದದ್ದು ಅಮ್ಮನ ಕಾಲ ಬುಡದಲ್ಲಿದ್ದ ಸ್ಟೀಲ್ ಕ್ಯಾರಿಯರ್ರು. ಚಿಕ್ಕಮ್ಮನಿಗೆಂದು ಪ್ರತಿ ಭಾನುವಾರ ಬಿಸಿಬೇಳೆಬಾತು ಹೊರುವ ಕ್ಯಾರಿಯರ್ರು. ಇಷ್ಟು ದಿನವೂ ಅದು ಟಣ್ ಟಣ್ ಎನ್ನುತ್ತಲೇ ಇತ್ತು, ಟೈರಿನ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅಮ್ಮ ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮತ್ತೆ ಹೊರಟೆವು. ಈಗ ಅಮ್ಮನ ಬಳೆ ಸದ್ದೂ ಕೇಳುತ್ತಿತ್ತು.

ಬೈಯಪ್ಪನಹಳ್ಳಿ ದಾಟಿತು. ಇನ್ನು ತಡಮಾಡಿದರೆ ಟಿನ್ ಫ್ಯಾಕ್ಟರಿಯ ಹಾರ್ನುಗಳು ಶುರುವಾಗುತ್ತವೆ. ರಸ್ತೆ ನೋಡಿಕೊಂಡು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದೆ: "ಅಮ್ಮಾ, ನಾನೂ ವಿಕ್ಟರೂ ಮದ್ವೆ ಮಾಡ್ಕೊಳೋಣ ಅಂತಿದೀವಿ."

ಅಮ್ಮ ಹೂಂ ಎನ್ನಲಿಲ್ಲ. ಹೂಂ ಅನ್ನದಿದ್ದಾಗಲೇ ನನಗೆ ಗೊತ್ತಾಯಿತು, ಈ ಸಲ ಕೇಳಿಸಿದೆ. ಇಷ್ಟು ಸೈಲೆಂಟ್ ಟೈರು ಬೇಕಿರಲಿಲ್ಲ ಅನ್ನಿಸಿತು. ಗುಂಯ್ ಅನ್ನುವ ಸದ್ದಾದರೂ ಇದ್ದಿದ್ದರೆ ಅದರ ಹಿಂದೆ ಬಚ್ಚಿಟ್ಟುಕೊಳ್ಳಬಹುದಿತ್ತು.

"ಕೇಳ್ಸ್ತಾಮ್ಮಾ?"

"ಕೇಳ್ಸ್ತು. ಯಾಕೆ ಕಿರುಚ್ತೀಯ?"

ನಾನೆಲ್ಲಿ ಕಿರುಚಿದೆ?

"ಸ್ಕೂಟರ್ ಮೇಷ್ಟ್ರು ತಾನೆ?"

"ಹೂಂ."

"ಚಿಕ್ಕಮ್ಮ ಒಂದ್ನಾಲ್ಕು ದಿನ ಮುಖ ಊದಿಸ್ಕೊತಾಳೆ. ಊದಿಸ್ಕೊಳ್ಲಿ. ನಿನ್ನ ತಮ್ಮಂಗೆ ನಾನು ಹೇಳ್ತೀನಿ." ಸ್ವಲ್ಪ ದೂರ ಹೋದಮೇಲೆ ಕೇಳಿದಳು, "ಅವನ ಹತ್ರ ಮಾತಾಡೋಕೆ ನೀನು ಕಿರುಚ್ಬೇಕಾಗುತ್ತಾ?"

"ಇಲ್ಲಮ್ಮಾ. ಮೆಲ್ಲಗೆ ಹೇಳಿದ್ರೂ ಕೇಳಿಸ್ಕೊತಾನೆ."

"ಮೊದಲನೇ ಮನೇಲಿ ನೀನು ಬರೀ ಕಿರುಚ್ತಾನೇ ಇದ್ದೆ. ನಂಗೆ ಆಗ ಕಿವಿ ಚೆನ್ನಾಗಿತ್ತು, ಎಲ್ಲಾ ಕೇಳ್ತಿತ್ತು," ಅಂದಳು ಅಮ್ಮ. ಅಂದು, ಗೇರಿನ ಮೇಲಿದ್ದ ನನ್ನ ಕೈ ಮೇಲೆ ತನ್ನ ಕೈ ಇಟ್ಟಳು. ನನಗೆ ಅಳು ಬಂತು. ತಡೆಯಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಸ್ಪೋರ್ಟ್ಸ್ ಕಾರಿನಲ್ಲಿ ಕೂತು ಅಳುವ ಹೆಂಗಸನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ನೋಡಿಕೊಳ್ಳಲಿ.

ಕೆ.ಆರ್. ಪುರದ ಸೇತುವೆ ಹತ್ತುವಾಗ ಅಮ್ಮ ಕ್ಯಾರಿಯರ್ರಿನ ಟವೆಲ್ಲು ಬಿಗಿ ಮಾಡುತ್ತಾ, "ನಾನು ಯಾಕೆ ನೈಟ್ ಡ್ಯೂಟಿ ಕೇಳಿ ಹಾಕಿಸ್ಕೊತಿದ್ದೆ ಗೊತ್ತಾ?" ಅಂದಳು.

"ಅಲೋವೆನ್ಸ್‌ಗೆ ತಾನೆ?"

"ಮಣ್ಣಾಂಗಟ್ಟಿ. ನಿಮ್ಮಪ್ಪನ ಗೊರಕೆಗೆ. ದೇವರಂಥ ಮನುಷ್ಯ, ಒಂದು ದಿನಾನೂ ನಂಗೆ ಗದರಿದವರಲ್ಲ. ರಾತ್ರಿ ಆದ್ರೆ ಮಾತ್ರ ಗೂಡ್ಸ್ ಗಾಡಿ. ಎಕ್ಸ್‌ಚೇಂಜಲ್ಲಿ ನಾನೂರು ಜನ ಕಿವೀಲಿ ಕೂಗಿದ್ರೂ ಅದಕ್ಕಿಂತ ನೆಮ್ಮದಿಯಾಗಿತ್ತು." ಅಮ್ಮ ನನ್ನ ಕಡೆ ಪೂರ್ತಿ ತಿರುಗಿ ಕೂತಳು. "ಅದಕ್ಕೇ ಕೇಳ್ತಿದೀನಿ. ಜಾತಿ ಹಾಳಾಗ್ಲಿ, ಚರ್ಚು ಅವನಿಷ್ಟ. ಅವನು ಗೊರಕೆ ಹೊಡೀತಾನಾ?"

ಈಗ ನೀವೇ ಹೇಳಿ, ಅವನು ಗೊರಕೆ ಹೊಡೆಯುವುದಿಲ್ಲ ಎಂದು ತನಗೆ ಖಾತ್ರಿಯಾಗಿ ಗೊತ್ತಿದೆ ಅಂತ, ಇನ್ನೂ ಅವನನ್ನು ಮದುವೆಯಾಗದ ಮಗಳು ಹೆತ್ತ ತಾಯಿಯ ಹತ್ತಿರ ಹೇಗೆ ಹೇಳಬೇ‌ಕು?